ಹನ್ನೆರಡಕ್ಕೆ ಹೊರಡುವುದು

ಆಲೂಗಡ್ಡೆ ಮಾರಿದ ರಸೀದಿಯ ಬೆನ್ನಿಗೆ ಬರೆಯುತ್ತಿದ್ದೇನೆ:
ಬಸ್ಸು, ಹದಿನೇಳು ತಾಸು.
ಎಲ್ಕಿನ್‌ಗೆ ಮೂರು ತುಂಬಿಲ್ಲ, ತೊಡೆಯ ಮೇಲೆ ಕೂತರೆ ಟಿಕೇಟಿಲ್ಲ.
ತುಂಬುವುದು ಹದಿನಾಲ್ಕಕ್ಕೆ. ಹೊರಡುವುದು ಹನ್ನೆರಡಕ್ಕೆ.
ಹೋಗುವಾಗ ಬಿಟ್ಟಿ, ಬರುವಾಗ ಪೂರಾ ದುಡ್ಡು.
'ಹುಟ್ಟಿದ ದಿನ ಯಾರು ಕೇಳುತ್ತಾರೆ' ಅಂತಾನೆ ಪ್ಲೀನಿಯೊ.
ಯಾರೂ ಕೇಳಬೇಕಾಗಿಲ್ಲ. ಮಗನೇ ಹೇಳಿಬಿಡುತ್ತಾನೆ.
ಮೂರು ಬೆರಳೆತ್ತಿ ಹಿಡಿಯಲು
ಕಿರುಬೆರಳನ್ನು ಹೆಬ್ಬೆರಳಿಂದ ಅದುಮಿ
ಈಗಿನಿಂದಲೇ ಅಭ್ಯಾಸ ನಡೆಸಿದ್ದಾನೆ.

ತೂನ್ಹಾದ ಸಂತೆಯಲ್ಲಿ ಈಜುಡುಗೆ ಕೇಳಿದ್ದಕ್ಕೆ
ಉಣ್ಣೆ ಮಾರುವ ಒತೀಲಿಯಾ ಬಿದ್ದು ಬಿದ್ದು ನಕ್ಕಳು:
'ಈ ಊರಲ್ಲಿ ಸ್ನಾನಕ್ಕೆ ಬಟ್ಟೆ ಬಿಚ್ಚಲೂ
ಎಂಟೆದೆ ಬೇಕು, ಸುಮೆರ್ಸೆ!'
ರುವಾನಾಗಳ ರಾಶಿಯ ತಳದಿಂದ ಎಳೆದುಕೊಟ್ಟದ್ದು
ಹಳದಿ ಬಣ್ಣದ್ದು, ಮೈತುಂಬ ಅನಾನಸು,
ಎಂಟು ವರ್ಷದವಳ ಅಳತೆ.
ಶಾರಿತ್‌ಗೆ ಆರು. ಭುಜಕ್ಕೊಂದು ಗಂಟು ಹಾಕಿದರಾಯಿತು.
ಎರಡು ಸ್ವೆಟರಿನ ಮೇಲೆ ಅದನ್ನೇ ತೊಟ್ಟು
ಒಂದು ವಾರದಿಂದ ಮಲಗುತ್ತಿದ್ದಾಳೆ.

ನಿದ್ದೆಗೆ ಮುಂಚೆ ಅವಳದು ಪ್ರಶ್ನೆಗಳ ಸರದಿ.
ರಾತ್ರಿ ಕಡಲಿಗೆ ಬಾಗಿಲು ಹಾಕುತ್ತಾರಾ?
ಮೀನು ನಮ್ಮನ್ನು ಕಂಡು ಏನಂದುಕೊಳ್ಳುತ್ತೆ?
ನಮ್ಮ ಉಪ್ಪು ಬೆಟ್ಟದ್ದು, ಗಣಿಯಿಂದ ಬರುವುದು,
ಮತ್ತೆ ಅದನ್ನು ಅಷ್ಟು ದೂರ ಹೊತ್ತು
ನೀರಿಗೆ ಸುರಿದವರು ಯಾರು?
'ಅಪ್ಪನನ್ನು ಕೇಳು' ಅಂದೆ.

ಅಪ್ಪನಿಗೆ ಎಲ್ಲ ಗೊತ್ತು. ಹನ್ನೊಂದು ವರ್ಷದಿಂದ
ಸಾಂತಾ ಮಾರ್ತಾದ ಮಂಡಿಗೆ ಲಾರಿ ಹೊಡೆಯುವವನು.
ಅವನ ಹ್ಯಾಟನ್ನು ಏಡಿಯೊಂದು ಕಚ್ಚಿಕೊಂಡು ಓಡಿದ ಕತೆ
ಮಕ್ಕಳಿಗೆ ಬಾಯಿಪಾಠ.
ಅವನು ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ:
ಹತ್ತರಿಂದ ಮೂರರವರೆಗೆ ಮಕ್ಕಳು ನೆರಳಲ್ಲಿರಬೇಕು.
ದಡದಿಂದ ಎರಡು ಬೀದಿ ಹಿಂದೆ ಸರಿದರೆ ಕೋಣೆ ಅರ್ಧ ಬೆಲೆ.
ಫ್ಯಾನ್ ಇದೆಯಾ ಕೇಳು. ತಿರುಗುತ್ತದಾ ಅಂತಲೂ ಕೇಳು.
ಕೊಡೆ ಬಾಡಿಗೆಯವನು ಮೊದಲು ಹೇಳಿದ ರೇಟಿಗೆ
ಉತ್ತರ ಕೊಡಬೇಡ, ಸುಮ್ಮನೆ ಮುಂದೆ ನಡೆ.
ಬಸ್ಸಿನ ಏಸಿ ನಮ್ಮ ಊರಿಗಿಂತ ಚಳಿ,
ರುವಾನಾ ಕೈಗೆ ಸಿಗುವ ಹಾಗಿಡು.

ಬರೆಯುತ್ತ ಬರೆಯುತ್ತ ಕೇಳಿದೆ:
'ಎಲ್ಕಿನ್ ದಡದಲ್ಲಿ ನಿಂತರೆ
ನೀರು ಅವನಿಗೆ ಎಲ್ಲಿವರೆಗೆ ಬರುತ್ತೆ?'

ಪ್ಲೀನಿಯೊ ಕಪ್ಪಿನ ತಳ ನೋಡಿದ.
ಅದರಲ್ಲಿ ಕಾಫಿ ಮುಗಿದು ಬಹಳ ಹೊತ್ತಾಗಿತ್ತು.
'ಮೂರು ಗಂಟೆ ನಸುಕಿಗೆ ತಲುಪುತ್ತೇವೆ,' ಅಂದ.
'ಚೀಲ ಇಳಿಸೋದು. ಲಾರಿ ಕೆಳಗೆ ಒಂದು ನಿದ್ದೆ.
ಹೊತ್ತೇರುವ ಮೊದಲು ತಿರುಗಿ ಹೊರಡೋದು.'
ಎರಡು ಗೋದಾಮಿನ ನಡುವೆ
ಅಂಗೈಯಗಲದ ನೀಲಿ ಕಾಣುತ್ತದಂತೆ.
ಬೂಟು ಬಿಚ್ಚಿದ್ದೇ ಇಲ್ಲ
ಈ ಹನ್ನೊಂದು ವರ್ಷದಲ್ಲಿ.

ಏಡಿಯ ಬಗ್ಗೆ ನಾನು ಕೇಳಲಿಲ್ಲ.
ಹ್ಯಾಟು ಮೊಳೆಗೆ ನೇತಾಡುತ್ತಿತ್ತು.

ಬೆಳಿಗ್ಗೆ ಹಿತ್ತಿಲಲ್ಲಿ, ಚೀಲಕ್ಕೆ ನಂಬರು ಹಾಕುವ
ಸೀಮೆಸುಣ್ಣ ಹಿಡಿದು ಅವನು ಮಗನನ್ನು ಕರೆದ.
ಕಾಲಿಗೆ ಒತ್ತಿ ನಿಲ್ಲಿಸಿ, ಅಲುಗಬೇಡ ಅಂತ ಗದರಿ,
ಎಲ್ಕಿನ್‌ನ ಹೊಕ್ಕುಳು ಬಂದಲ್ಲಿ
ತನ್ನ ಪ್ಯಾಂಟಿನ ಮೇಲೆ ಗೆರೆ ಎಳೆದ,
ಮಂಡಿಗಿಂತ ತುಸು ಮೇಲೆ.
'ಮೊದಲು ನಾನಿಳಿಯುತ್ತೇನೆ.
ನೀರು ಈ ಗೆರೆ ಮುಟ್ಟಿದ ಕಡೆ ನಿಲ್ಲುತ್ತೇನೆ.
ನನ್ನಿಂದ ಆಚೆ ನಿಮಗಿಲ್ಲ.'
ಎಲ್ಕಿನ್ ಮೂರು ಬೆರಳೆತ್ತಿ ಒಪ್ಪಿದ.
ಶಾರಿತ್ ಅನಾನಸುಗಳನ್ನು ಕುಣಿಸುತ್ತ ಓಡಿಬಂದು
ತನ್ನದೂ ಗೆರೆ ಬೇಕೆಂದು ಹಟ ಹಿಡಿದಳು.

ಆ ಪ್ಯಾಂಟು ಒಗೆಯಬಾರದಂತೆ, ಹನ್ನೆರಡರವರೆಗೆ.
ಒಗೆಯದಿದ್ದರೇನು, ಕಡಲೇ ಒಗೆಯುತ್ತದಲ್ಲ.
ರಾತ್ರಿ ಎಲ್ಲರೂ ಮಲಗಿದ ಮೇಲೆ
ದೀಪ ಹತ್ತಿರ ಎಳೆದುಕೊಂಡು
ಸುಣ್ಣದ ಗುಂಟ ಕೆಂಪು ದಾರದಲ್ಲಿ ಹೊಲಿದೆ,
ಎರಡೂ ಗೆರೆ. ಎಡಗಾಲಿಗೆ ಮಾತ್ರ.
ದಾರ ಮುಗಿಯಿತು.